ಒಂದು ಬುಟ್ಟಿ ಸಬ್ಬಸಗಿ, ನಾಲ್ಕು ಹನಿ ಎಣ್ಣೆ

ಅವರು ತೀರಿಕೊಂಡ ಸುದ್ದಿ ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ನಿಪ್ಪಾಣಿ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ನಿಂತಿದ್ದೆ. ನಿವೃತ್ತಿಯ ದಿನ ಶಾಲು ಹೊದಿಸಿ ತೆಗೆದ ಫೋಟೊ ಹಾಕಿ, ಕೆಳಗೆ ‘ನಮ್ಮ ಸಸ್ಯಶಾಸ್ತ್ರ ವಿಭಾಗದ ಹಿರಿಯರು’ ಎಂದು ಬರೆದಿದ್ದರು. ಅವರು ಜೀವಮಾನವಿಡೀ ಕಲಿಸಿದ್ದು ರಸಾಯನಶಾಸ್ತ್ರ. ಯಾರೂ ತಿದ್ದಲಿಲ್ಲ. ಒಬ್ಬರ ಹಿಂದೆ ಒಬ್ಬರು ಕೈಮುಗಿದ ಚಿತ್ರ ಕಳಿಸಿದರು, ನಾನೂ ಕಳಿಸಿದೆ. ಬರೆದವನದೇನೂ ತಪ್ಪಿಲ್ಲ ಬಿಡಿ. ಸದಾ ಕೈಯಲ್ಲಿ ಸೊಪ್ಪು ಹಿಡಿದು ಓಡಾಡುವ ಹೆಣ್ಣುಮಗಳನ್ನು ದೂರದಿಂದ ಕಂಡವರು ಇನ್ನೇನು ಅಂದುಕೊಳ್ಳಬೇಕು?

ನಾನು ಹತ್ತಿರದಿಂದ ಕಂಡವನು. ಚಿಕ್ಕೋಡಿಯ ಆ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಸಹಾಯಕ. ಗಾಜಿನ ಸಾಮಾನು ತೊಳೆಯುವುದು, ಬಾಟಲಿಗಳಿಗೆ ಚೀಟಿ ಅಂಟಿಸುವುದು, ಹುಡುಗರು ಪಿಪೆಟ್ಟಿನಲ್ಲಿ ಏನನ್ನಾದರೂ ಎಳೆದು ನುಂಗಿದರೆ ಬೈದು ನೀರು ಕುಡಿಸುವುದು, ಇದು ನನ್ನ ವಿದ್ಯೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಹೆಸರು ಬರೆದರೆ ನನ್ನ ಹೆಸರೂ ಬರೆಯಬೇಕಾಗುತ್ತದೆ, ಅಷ್ಟು ಧೈರ್ಯ ನನಗಿಲ್ಲ. ನಾನು ಧೈರ್ಯಸ್ಥನಾಗಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ.

ಕುಳ್ಳಗೆ, ತೆಳ್ಳಗೆ ಇದ್ದರು. ಬಿಳಿ ಕೋಟಿನ ಜೇಬಿನಲ್ಲಿ ಯಾವಾಗಲೂ ಪೋಸ್ಟ್‌ಕಾರ್ಡಿನ ಅಗಲದ ಕಾಗದದ ಚೂರುಗಳು. ಒಂದು ಚೂರಿನ ತುದಿಯನ್ನು ಎಣ್ಣೆಗೆ ತಾಗಿಸಿ, ಮೂಗಿನಿಂದ ಗೇಣು ದೂರ ಹಿಡಿದು, ಬೀಸಣಿಕೆಯ ಹಾಗೆ ಎರಡು ಸಲ ಆಡಿಸುವರು. ನಾನು ಅವಸರಪಟ್ಟು ಮೂಗಿಗೇ ಹಚ್ಚಿಕೊಂಡರೆ, “ಮೂಗ ಒಯ್ದು ಅದರಾಗ ಇಡಬ್ಯಾಡ್ರಿ. ವಾಸನಿ ತಾನ ಬರ್ತೈತಿ, ಬರಗೊಡ್ರಿ” ಎನ್ನುವರು. ಮಾತು ಕಡಿಮೆ. ಸಿಟ್ಟು ಬಂದರೆ ಮಾತು ಇನ್ನೂ ಕಡಿಮೆಯಾಗಿ ರೀ, ರೀ ಎಂಬ ಬಹುವಚನ ಮಾತ್ರ ಹೆಚ್ಚಾಗುತ್ತಿತ್ತು.

ನಲವತ್ತು ದಾಟಿದ ಮೇಲೆ ಗಡಿಯಾಚೆಯ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿದರು. ವಿಷಯ ಸಬ್ಬಸಗಿ ಸೊಪ್ಪು. ಅದೇ ನಮ್ಮ ಸಬ್ಬಸಗಿ, ಮರಾಠಿಯವರ ಶೇಪು. ಅದರ ಎಣ್ಣೆಯಲ್ಲಿ ಏನೇನು ಇದೆ, ಕೃಷ್ಣಾ ದಂಡೆಯ ಕರಿಮಣ್ಣಿನಲ್ಲಿ ಬೆಳೆದದ್ದಕ್ಕೂ ಚಿಕ್ಕೋಡಿಯ ಗರಸು ಮಣ್ಣಿನಲ್ಲಿ ಬೆಳೆದದ್ದಕ್ಕೂ ಏನು ಫರಕು, ಕೆಡುವ ಪದಾರ್ಥವನ್ನು ಕೆಡದಂತೆ ತಡೆಯುವ ಶಕ್ತಿ ಅದಕ್ಕೆ ಎಷ್ಟಿದೆ, ಇದನ್ನು ಅವರು ಅಳೆಯಬೇಕಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ಕ್ಯಾನ್ಸರಿಗೆ ಔಷಧ ಹುಡುಕುವುದು ಬಿಟ್ಟು ಪಲ್ಯದ ಸೊಪ್ಪಿನ ಮೇಲೆ ಡಾಕ್ಟರೇಟು! ಅಂದಿನಿಂದ ಅವರು ಬೆನ್ನ ಹಿಂದೆ ‘ಸಬ್ಬಸಗಿ ಮೇಡಂ’ ಆದರು. ಅದು ಅವರಿಗೂ ಗೊತ್ತಿತ್ತು.

ಮೊದಲ ಸಲ ಸಂತೆಗೆ ಹೋದದ್ದು ಚೆನ್ನಾಗಿ ನೆನಪಿದೆ. ಒಬ್ಬ ಮುದುಕಿಯ ಮುಂದಿದ್ದ ಸಬ್ಬಸಗಿಯ ಸೂಡು, ಅಂದರೆ ಕಟ್ಟುಗಳನ್ನೆಲ್ಲ ಅವರು ಒಟ್ಟಿಗೆ ಕೇಳಿದರು. ನಮ್ಮ ಕಡೆ ಅಷ್ಟು ಸಬ್ಬಸಗಿ ಬೇಕಾಗುವುದು ಒಂದೇ ಕಾರಣಕ್ಕೆ.

“ಮನ್ಯಾಗ ಬಾಣಂತಿ ಅದಾಳೇನ್ರಿ ಬಾಯಾರ?” ಮುದುಕಿ ಕೇಳಿದಳು.

“ಇಲ್ರಿ ಯವ್ವಾ. ಇದರಾಗಿಂದ ಎಣ್ಣಿ ತಗೀತೀನ್ರಿ.”

“ಸಬ್ಬಸಗ್ಯಾಗ ಎಲ್ಲೀ ಎಣ್ಣಿ ಬೇ? ಶೇಂಗಾ ಐತೇನ ಇದು?”

“ಮೂಸಿ ನೋಡ್ರಿ. ಘಮ್ ಅಂತೈತೆಲ್ಲ, ಆ ವಾಸನಿನ ಎಣ್ಣಿರಿ. ಬಾಳ ಇಲ್ಲ. ಒಂದು ಬುಟ್ಟಿಗೆ ನಾಕು ಹನಿ.”

ಮುದುಕಿ ನನ್ನ ಕಡೆ ನೋಡಿ, ಈಕೆಯನ್ನು ಯಾರಿಗಾದರೂ ತೋರಿಸಿದ್ದೀರೋ ಇಲ್ಲವೋ ಎಂಬಂತೆ ಹುಬ್ಬು ಏರಿಸಿದಳು. ನಾನೂ ಹುಬ್ಬು ಏರಿಸಿದೆ. ಆಗ ನಾನು ಹಾಗೇ ಇದ್ದೆ.

ನಾಲ್ಕು ಹನಿ ಎಂದದ್ದು ಸುಳ್ಳಲ್ಲ. ದೊಡ್ಡ ಗಾಜಿನ ಬುರುಡೆಯಲ್ಲಿ ಒಣಗಿದ ಸೊಪ್ಪು, ನೀರು ಹಾಕಿ ತಾಸುಗಟ್ಟಲೆ ಕುದಿಸಬೇಕು. ಉಗಿ ಮೇಲೇರಿ, ತಣ್ಣೀರು ಹರಿಯುವ ಕೊಳವೆಯಲ್ಲಿ ಮತ್ತೆ ನೀರಾಗಿ, ಬೆರಳಿನಷ್ಟು ಸಣ್ಣ ಇನ್ನೊಂದು ಕೊಳವೆಗೆ ಇಳಿಯುತ್ತದೆ. ಆ ನೀರಿನ ನೆತ್ತಿಯ ಮೇಲೆ ತಿಳಿ ಹಳದಿಯ ಒಂದು ಪದರ ಕೂತಿರುತ್ತದೆ. ಅದೇ ಎಣ್ಣೆ. ನಮ್ಮಲ್ಲಿ ನಳದ ನೀರು ಬರುವುದು ಅಂದಾಜಿನ ಮೇಲಾದ್ದರಿಂದ ಆ ಕೊಳವೆಯನ್ನು ತಂಪಾಗಿಡಲು ನಾನು ಕೊಡದಲ್ಲಿ ನೀರು ಹೊತ್ತು ಹಾಕಬೇಕಿತ್ತು. ಬೈದುಕೊಂಡೇ ಹಾಕುತ್ತಿದ್ದೆ.

ಆಮೇಲೆ ನೇರಳೆ ಬಣ್ಣದ ಪರೀಕ್ಷೆ. ಗಾಢ ನೇರಳೆಯ ಒಂದು ದ್ರಾವಣಕ್ಕೆ ಎಣ್ಣೆ ಬೆರೆಸಿ ಕತ್ತಲಲ್ಲಿ ಇಟ್ಟರೆ ಬಣ್ಣ ಇಳಿಯುತ್ತ ಹಳದಿಗೆ ತಿರುಗುತ್ತದೆ. ಎಷ್ಟು ಇಳಿಯಿತೋ ಅಷ್ಟು ಆ ಎಣ್ಣೆಗೆ ಶಕ್ತಿ. ಇದೇನು ಶಕ್ತಿ ಎಂದು ನಾನು ಕೇಳಿದೆ. “ಡಬ್ಬ್ಯಾಗಿನ ಹಳೇ ಎಣ್ಣಿ ಕಮಟು ವಾಸನಿ ಬರ್ತೈತೆಲ್ರಿ, ಹೆಚ್ಚಿಟ್ಟ ಬದನಿಕಾಯಿ ಕಪ್ಪಾಗ್ತೈತೆಲ್ರಿ, ಗಾಳಿ ಅದನ್ನ ತಿಂತೈತಿ. ಹಂಗ ತಿನ್ನೂದನ್ನ ಇದು ತಡೀತೈತಿ” ಎಂದರು. ತರಗತಿಯಲ್ಲಿ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಅಲ್ಲಿ ಯಾರೂ ಕೇಳುತ್ತಿರಲಿಲ್ಲ, ಬರೆದುಕೊಳ್ಳುತ್ತಿದ್ದರು.

ಬಾಟಲಿಗಳನ್ನೂ ಸೊಪ್ಪನ್ನೂ ನಾವು ಊರಿನ ಹೆಸರಿನಿಂದ ಕರೆಯುತ್ತಿದ್ದೆವು. “ದಿಗ್ಗೇವಾಡಿ ಎಲ್ಲೈತ್ರಿ?” “ಫ್ರಿಜ್ಜಿನ್ಯಾಗ ಐತ್ರಿ ಮೇಡಂ, ಯಡೂರಿನ ಹಿಂದ.” “ಕಾಗವಾಡ ಒಣಗ್ಯಾದೇನ್ರಿ?” ಬಾಗಿಲಲ್ಲಿ ನಿಂತು ಕೇಳಿದವರು ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಆ ಫ್ರಿಜ್ಜಿನಲ್ಲಿ ಸ್ಟಾಫ್ ರೂಮಿನ ಹಾಲೂ ಇರುತ್ತಿತ್ತು. ಚಹಾ ಸಬ್ಬಸಗಿ ನಾರುತ್ತದೆ ಎಂದು ದೂರು ಬಂತು, ಹಾಲು ಬೇರೆ ಕಡೆ ಹೋಯಿತು, ಹಾಲಿನ ಹಿಂದೆ ಮಂದಿಯೂ ಹೋದರು. ಅಂದಿನಿಂದ ಅವರು ಮಧ್ಯಾಹ್ನದ ರೊಟ್ಟಿಯನ್ನು ಪ್ರಯೋಗಾಲಯದ ತಕ್ಕಡಿ ಮೇಜಿನ ಪಕ್ಕ ಒಬ್ಬರೇ ಕೂತು ಉಣ್ಣುತ್ತಿದ್ದರು. ಮದುವೆಯಾಗಿರಲಿಲ್ಲ. ಬಸ್ ನಿಲ್ದಾಣದ ಹಿಂದೆ ಎರಡು ಖೋಲಿಯ ಬಾಡಿಗೆ ಮನೆ. ಅಥಣಿಯಲ್ಲಿ ತಾಯಿ, ಅಣ್ಣ ಇದ್ದರು. ಹೊಸ ಎಣ್ಣೆ ಇಳಿದ ದಿನ ಆ ಸಂತೋಷವನ್ನು ಹೇಳಿಕೊಳ್ಳಲು ಅವರಿಗೆ ಇಡೀ ಚಿಕ್ಕೋಡಿಯಲ್ಲಿ ಇದ್ದವನು ನಾನೊಬ್ಬನೇ. ಕಾಗದದ ಚೂರು ನನ್ನ ಮುಂದೆ ಆಡಿಸಿ, “ನಿನ್ನಿದಕಿಂತ ಬ್ಯಾರೆ ಅನಸ್ತೈತೇನ್ರಿ?” ಎಂದು ಕೇಳುವರು. ಸಂಜೆಯ ಬಸ್ಸಿನ ಚಿಂತೆಯಲ್ಲಿದ್ದ ನಾನು, “ಹೌದ್ರಿ ಮೇಡಂ, ಬಾಳ ಬ್ಯಾರೆ” ಎನ್ನುತ್ತಿದ್ದೆ. ಅವರ ಮುಖ ಅರಳುತ್ತಿತ್ತು.

ಹೀಗೆ ಕೊನೆಯ ವರ್ಷ ಬಂತು. ಇನ್ನೊಂದು ಹಂಗಾಮಿನ ಸೊಪ್ಪು ಒಣಗಿಸಿ, ಎಣ್ಣೆ ತೆಗೆದು, ಪರೀಕ್ಷೆಗೆ ಕಳಿಸಿದರೆ ಪ್ರಬಂಧ ಮುಗಿಯುತ್ತಿತ್ತು. ಅಷ್ಟರಲ್ಲಿ ತಾಯಿಗೆ ಜಡ್ಡಾಗಿ ಅಥಣಿಗೆ ಹೊರಟರು. ಹೋಗುವ ಮುನ್ನ ನನ್ನನ್ನು ಪ್ರಯೋಗಾಲಯದ ಹಿಂದಿನ ಖೋಲಿಗೆ ಕರೆದು ಸೊಪ್ಪು ತೋರಿಸಿದರು. “ನೆರಳಾಗ ಇರ್ಲಿ. ಮುಂಜಾನಿ ಸಂಜಿ ತಿರುವಿ ಹಾಕ್ರಿ. ಬಾಜೂಕ ವಾಸನಿದು ಏನೂ ಇಡಬ್ಯಾಡ್ರಿ. ಇದೊಂದು ಆತಂದ್ರ ಮುಗೀತು.”

ಅವರು ಹೋದ ಎರಡನೇ ದಿನಕ್ಕೆ ಮಳೆ ಹಿಡಿಯಿತು. ಆ ಖೋಲಿಯ ತಗಡು ಸೋರಿ ಗೋಡೆಯೆಲ್ಲ ಒದ್ದೆ. ಸೊಪ್ಪು ಮೆತ್ತಗಾಗತೊಡಗಿತು. ಇನ್ನೆರಡು ದಿನ ಬಿಟ್ಟರೆ ಬೂಸ್ಟು ಬರುತ್ತಿತ್ತು. ನನಗೆ ಜೀವ ನಿಲ್ಲಲಿಲ್ಲ. ಎಲ್ಲವನ್ನೂ ಚೀಲಕ್ಕೆ ತುಂಬಿ ನಿಪ್ಪಾಣಿ ಹತ್ತಿರದ ನಮ್ಮ ಊರಿಗೆ ಒಯ್ದೆ. ನಮ್ಮಪ್ಪನ ತಂಬಾಕಿನ ಶೆಡ್ಡು ಎಂಥ ಮಳೆಗೂ ತಣಿಯುವುದಿಲ್ಲ. ಎಲೆ ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗ ನಮ್ಮ ಸೀಮೆಯಲ್ಲೇ ಇಲ್ಲ. ಒಂದು ಬದಿಗೆ ತಂಬಾಕಿನ ಚೀಲಗಳು ಮಾಡಿನ ತನಕ ಇದ್ದವು. ಇನ್ನೊಂದು ಬದಿಗೆ ಗೋಣಿ ತಟ್ಟು ಹಾಸಿ ಸಬ್ಬಸಗಿ ಹರವಿದೆ. ಮುಂಜಾನೆ ಸಂಜೆ ತಿರುವಿದೆ. ವಾಸನೆಯ ವಸ್ತು ಪಕ್ಕದಲ್ಲಿ ಇಡಬಾರದೆಂಬುದು ನೆನಪಿತ್ತು. ಅದಕ್ಕೇ ಅವ್ವ ಮೂಲೆಯಲ್ಲಿಟ್ಟಿದ್ದ ಬೆಳ್ಳುಳ್ಳಿಯ ಗೊಂಚಲನ್ನು ಹೊರಗೆ ಒಯ್ದಿಟ್ಟೆ.

ಓದುವವರು ನಗಬಹುದು. ಆದರೆ ತಂಬಾಕಿನ ಮನೆಯಲ್ಲಿ ಹುಟ್ಟಿದವನಿಗೆ ತಂಬಾಕು ವಾಸನೆಯಲ್ಲ. ಅಲ್ಲೇ ಮಲಗಿ, ಅಲ್ಲೇ ಉಂಡು, ಅದರ ಚೀಲದ ಮೇಲೆ ಕೂತು ಅಭ್ಯಾಸ ಮಾಡಿದ ನಮಗೆ ಅದು ಬರೀ ಗಾಳಿ. ಆ ಶೆಡ್ಡಿನಲ್ಲಿ ಮೂಗಿಗೆ ಹತ್ತಿದ್ದು ಬೆಳ್ಳುಳ್ಳಿ ಒಂದೇ.

ಅವರು ಬಂದಾಗ ಸೊಪ್ಪು ಮತ್ತೆ ಹಿಂದಿನ ಖೋಲಿಯಲ್ಲಿತ್ತು. ಹಸಿರು ಒಂಚೂರೂ ಮಾಸಿರಲಿಲ್ಲ. ಕೈಯಲ್ಲಿ ಹಿಡಿದು ನೋಡಿ, “ಎಷ್ಟ ಚಂದ ಒಣಗಿಸೀರಿ. ನಾನಾದ್ರೂ ಇಷ್ಟ ಚಲೋ ಮಾಡ್ತಿದ್ದಿಲ್ಲ” ಎಂದರು. ಹೊಗಳಿಕೆ ಅವರ ಬಾಯಿಂದ ಉದುರುವುದು ಬಲು ಅಪರೂಪ. ಆ ಹೊತ್ತಿಗೆ ಶೆಡ್ಡಿನ ಸುದ್ದಿ ಹೇಳಬೇಕಿತ್ತು. ಹೊಗಳಿಕೆಯನ್ನು ಜೇಬಿಗೆ ಹಾಕಿಕೊಂಡು ಸುಮ್ಮನಾದೆ.

ಎಣ್ಣೆ ಇಳಿಯಿತು. ನೇರಳೆ ಬಣ್ಣ ಹಿಂದಿನ ಎಲ್ಲ ಸಲಕ್ಕಿಂತ ಬೇಗ ಹಳದಿಯಾಯಿತು. ಅವರು ಎರಡು ಸಲ ಮಾಡಿ ನೋಡಿ, ಮೂರನೆಯ ಸಲ ನನ್ನನ್ನು ಕರೆದು ತೋರಿಸಿದರು. ಅಂದು ತಕ್ಕಡಿ ಮೇಜಿನ ಪಕ್ಕ ಇಬ್ಬರೂ ಕೂತು ಅವರ ಡಬ್ಬಿಯ ಶೇಂಗಾ ಹೋಳಿಗೆ ತಿಂದೆವು.

ತಿಂಗಳ ಮೇಲೆ ಎಣ್ಣೆಯ ಚಾರ್ಟು ಬಂತು. ಎಣ್ಣೆಯಲ್ಲಿ ಇದ್ದುದನ್ನೆಲ್ಲ ಬಿಡಿಬಿಡಿಯಾಗಿ ತೋರಿಸುವ ಯಂತ್ರ ನಮ್ಮಲ್ಲಿ ಎಲ್ಲಿ ಬರಬೇಕು, ದೂರದ ಊರಿಗೆ ಕಳಿಸಬೇಕಿತ್ತು. ಕಾಗದದ ಮೇಲೆ ಗುಡ್ಡದ ಸಾಲಿನಂತೆ ಗೆರೆ, ಒಂದೊಂದು ಶಿಖರಕ್ಕೆ ಒಂದೊಂದು ಹೆಸರು. ಲಿಮೋನಿನ್, ಕಾರ್ವೋನ್ ಎಲ್ಲ ಎಂದಿನ ಹಾಗೆ ಇದ್ದವು. ನಡುವೆ ಒಂದು ಹೊಸ ಶಿಖರ. ನಿಕೋಟಿನ್.

ಅವರು ಆ ಹಾಳೆ ಹಿಡಿದು ನನ್ನ ಹತ್ತಿರ ಬಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು.

“ಸೊಪ್ಪು ಎಲ್ಲಿ ಒಣಗಿಸಿದ್ರಿ?”

“ಇಲ್ಲೇ ಹಿಂದಿನ ಖೋಲ್ಯಾಗ್ರಿ.”

“ಯಾರರೆ ಬೀಡಿ ಸೇದಾಕ ಬರ್ತಿದ್ರೇನ್ರಿ?”

“ಇಲ್ರಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲನ್ನೂ ಮುಟ್ಟಲಿಲ್ಲ, ಅಷ್ಟು ಪಕ್ಕಾ ಕಳ್ಳ. ಕಾಲೇಜಿನ ವಸ್ತು ಮನೆಗೆ ಒಯ್ದರೆ ಮೆಮೋ ಕೊಡುತ್ತಾರೆಂಬ ಹೆದರಿಕೆ ಒಂದು. ಇನ್ನೊಂದು, ಚೆಂದ ಒಣಗಿಸಿದ್ದೀರಿ ಎಂದು ಅವರು ಹೇಳಿದ ಮಾತನ್ನು ಕಳೆದುಕೊಳ್ಳಬಾರದೆಂಬ ಆಸೆಬುರುಕತನ. ಎರಡರಲ್ಲಿ ಎರಡನೆಯದೇ ದೊಡ್ಡದು ಎಂದು ಈಗ ಅನಿಸುತ್ತದೆ.

ಅವರ ಮಾರ್ಗದರ್ಶಕರು ಮರಾಠಿಯವರು, ಒಳ್ಳೆಯ ಮನುಷ್ಯ. ಫೋನಿನಲ್ಲಿ “ತೋ ಪೀಕ್ ಕಾಢೂನ ಟಾಕಾ, ಬಾಯಿ” ಎಂದರಂತೆ. ಆ ಶಿಖರವೊಂದನ್ನು ತೆಗೆದುಹಾಕಿ ಉಳಿದದ್ದನ್ನು ಬರೆದು ಕೊಡಿ, ಯಾರು ನೋಡುತ್ತಾರೆ ಎಂದು. ಇವರು ಒಪ್ಪಲಿಲ್ಲ. “ಬಣ್ಣ ಇಳಿಸಿದ್ದು ಸಬ್ಬಸಗಿನೋ ತಂಬಾಕೋ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೆಂಗ ಬರೀಲ್ರಿ?” ಎಂದು ನನ್ನನ್ನೇ ಕೇಳಿದರು. ಗೊತ್ತಿದ್ದವನು ಬುರುಡೆ ತೊಳೆಯುತ್ತಿದ್ದೆ.

ಒಣಗಿಸಿದ ಜಾಗ ಸರಿಯಿದ್ದರೆ ತಪ್ಪು ಹೊಲದಲ್ಲಿರಬೇಕು ಎಂದು ಅವರು ಹೊರಟರು. ರಜೆಯ ದಿನಗಳಲ್ಲಿ ಕೆಂಪು ಬಸ್ಸು ಹಿಡಿದು ರಾಯಬಾಗ, ಕಾಗವಾಡ ಕಡೆಯ ಹೊಲಗಳಿಗೆ. ಚೀಲ ಹೊರಲು ನಾನು. ದಿಗ್ಗೇವಾಡಿಯಲ್ಲಿ ಕಬ್ಬಿನ ಸಾಲುಗಳ ನಡುವೆ ಸಬ್ಬಸಗಿ ಬಿತ್ತಿದ್ದ ರೈತ, “ನಮ್ಮ ಅಜ್ಜನ ಕಾಲದಾಗೂ ಇಲ್ಲಿ ತಂಬಾಕು ಹಚ್ಚಿಲ್ರಿ ಬಾಯಾರ” ಎಂದ. ಆದರೂ ಅವರು ಬಿಸಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಮಣ್ಣು ಕೆದರಿ ಪೊಟ್ಟಣ ಕಟ್ಟಿದರು. ಮರಳಿ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ, “ನಿಮಗ ನನ್ನಿಂದ ಬಾಳ ತ್ರಾಸಾತು” ಎಂದರು. ಅಂದು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಕಂಡಕ್ಟರು ಬಂದ. ಟಿಕೆಟ್ ತೆಗೆದುಕೊಂಡೆ.

ಹೊಸ ಸೊಪ್ಪಿನ ಎಣ್ಣೆಯಲ್ಲಿ ಆ ಶಿಖರ ಮತ್ತೆ ಬರಲಿಲ್ಲ, ಒಮ್ಮೆ ಬಂದದ್ದು ಹೇಗೆಂದು ತಿಳಿಯದೆ ಪ್ರಬಂಧ ಮುಗಿಸಲು ಅವರಿಗೆ ಮನಸ್ಸೂ ಬರಲಿಲ್ಲ. ಎರಡು ವರ್ಷ ಹೀಗೇ ಹೋಗಿ, ಹೆಸರು ಹಚ್ಚಿದ ಅವಧಿ ಮುಗಿಯಿತು. ಒಂದು ದಿನ ಅವರೇ ಗಾಜಿನ ಬುರುಡೆ, ಕೊಳವೆ ಎಲ್ಲವನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಆಮೇಲೆ ಕಾಗದದ ಚೂರು ನನ್ನ ಮುಂದೆ ಆಡಿಸಲಿಲ್ಲ. ಪಾಠ ಮಾಡಿದರು, ರೊಟ್ಟಿ ಉಂಡರು, ಮನೆಗೆ ಹೋದರು. ಒಂದನ್ನು ಮಾತ್ರ ನಾನು ಗಮನಿಸಿದ್ದೆ. ಹುಡುಗರಿಗೆ ತೋರಿಸುವ ಸಣ್ಣ ಪ್ರಯೋಗದಲ್ಲೂ ಅಳತೆಯನ್ನು ಎರಡು ಸಲ, ಮೂರು ಸಲ ನೋಡುತ್ತಿದ್ದರು. ವಯಸ್ಸಾಯಿತು ಅಂದುಕೊಂಡೆ.

ನಿವೃತ್ತಿಯಾಗಿ ರಾಯಬಾಗಕ್ಕೆ ಹೋದರು. ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು, ಅಣ್ಣನ ಮನೆ ಮೊಮ್ಮಕ್ಕಳಿಂದ ತುಂಬಿತ್ತು. ಹಳೆಯ ವಿದ್ಯಾರ್ಥಿನಿಯೊಬ್ಬಳು ರಾಯಬಾಗದಲ್ಲಿ ಒಂದು ಸಣ್ಣ ಮನೆ ನೋಡಿಕೊಟ್ಟಿದ್ದಳು.

ಹೋದ ವರ್ಷ ನಮ್ಮಪ್ಪ ತೀರಿದ ಮೇಲೆ ತಂಬಾಕಿನ ಶೆಡ್ಡು ಕೆಡವಿದೆವು. ಈಗ ಎಲ್ಲ ಕಬ್ಬು. ಹಳೆಯ ತಟ್ಟೊಂದನ್ನು ಕೊಡವಿದಾಗ ನನ್ನ ಹೆಂಡತಿ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಹಿಂದೆ ಸರಿದಳು. ಆಕೆ ಕಾಗವಾಡದ ದ್ರಾಕ್ಷಿ ತೋಟದವರ ಮಗಳು. “ಏನ ಘಾಟರಿ ಇದು, ಉಸಿರ ಕಟ್ಟತೈತಿ” ಎಂದಳು. ನನಗೆ ಏನೂ ವಾಸನೆ ಬಂದಿರಲಿಲ್ಲ. ಮರುದಿನ ರಾಯಬಾಗದ ಬಸ್ಸು ಹತ್ತಿದೆ.

ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಇಳಿದುಹೋಗಿದ್ದರು. ನನ್ನನ್ನು ಕಂಡು, “ಅಯ್ಯ, ಬರ್ರಿ, ಕೂಡ್ರಿ” ಎಂದರು. ಕೂಡುವ ಮೊದಲೇ ಹೇಳಿದೆ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು.

“ಮೇಡಂ, ಆವತ್ತ ನಾ ಸುಳ್ಳ ಹೇಳಿದ್ನಿರಿ. ಸಬ್ಬಸಗಿ ಹಿಂದಿನ ಖೋಲ್ಯಾಗ ಒಣಗಿಸಿದ್ದಿಲ್ರಿ. ನಮ್ಮ ತಂಬಾಕಿನ ಶೆಡ್ಡಿನ್ಯಾಗ ಒಣಗಿಸಿದ್ನಿರಿ.”

ಅವರ ಕೈ ಶೇಂಗಾದ ಮೇಲೆ ನಿಂತಿತು. ಬೈಯಲಿ ಎಂದು ಕಾದೆ. ಬೈದಿದ್ದರೆ ಚಲೋ ಇತ್ತು.

“ಎಷ್ಟ ದಿನ?” ಎಂದರು.

“ಒಂಬತ್ತು ದಿನ್ರಿ.”

“ತಂಬಾಕು ಎಷ್ಟ ದೂರ ಇತ್ರಿ?”

“ಒಂದು ಮಾರು ಇರಬೇಕ್ರಿ. ಹಾಸಿದ ತಟ್ಟೂ ತಂಬಾಕಿಂದ ಇತ್ರಿ.”

“ತಟ್ಟು ತಂಬಾಕಿಂದ,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಮೆಲ್ಲಗೆ, “ನನ್ನ ಕೈ ಕೆಟ್ಟೈತಿ ಅಂತ ತಿಳದಿದ್ನಿರಿ. ಬುರುಡಿ ಸರಿ ತೊಳದಿಲ್ಲ, ಬಾಟ್ಲಿ ಅದಲಾಬದಲಿ ಮಾಡೀನಿ, ಎಲ್ಲೋ ಏನೋ ಮರತೀನಿ ಅಂತ. ಅಲ್ಲಿಂದ ನನ್ನ ಕೈಮ್ಯಾಲ ನನಗ ನಂಬಿಕಿ ಹೋಗಿತ್ತು. ಹಂಗಾರ ನನ್ನ ಕೈ ಸರಿ ಇತ್ತು ಅನ್ನ್ರಿ” ಎಂದರು.

ನಾನು ಅತ್ತೆ. ಅವರು ಅಳಲಿಲ್ಲ. ಎದ್ದು ಒಂದು ನೋಟುಬುಕ್ಕು ತಂದು ಎಲ್ಲವನ್ನೂ ಮೊದಲಿನಿಂದ ಕೇಳತೊಡಗಿದರು. ಶೆಡ್ಡಿಗೆ ಕಿಟಕಿ ಎಷ್ಟು, ಗಾಳಿ ಯಾವ ಕಡೆಯಿಂದ, ಚೀಲದ ಬಾಯಿ ಹೊಲಿದಿತ್ತೋ ತೆರೆದಿತ್ತೋ. ಬೆಳ್ಳುಳ್ಳಿ ಹೊರಗಿಟ್ಟ ಸುದ್ದಿ ಹೇಳಿದಾಗ ಜೋರಾಗಿ ನಕ್ಕರು. ಅಷ್ಟು ವರ್ಷದಲ್ಲಿ ನಾನು ಕೇಳಿದ ಅವರ ನಗು ಅದೊಂದೇ. ಮಧ್ಯಾಹ್ನ ಹೋಗಿ ಸಂಜೆಯಾಯಿತು.

ಹೊರಡುವಾಗ ಅಂಗಳದ ತನಕ ಬಂದರು. “ಈ ಕೆಲಸದ ಸುದ್ದಿ ಯಾರ ಕೂಡನೂ ಮಾತಾಡದ ಬಾಳ ವರ್ಸ ಆಗಿತ್ರಿ. ಮುಂದಿನ ಐತವಾರ ಬರ್ರಿ. ಎರಡು ಸೂಡು ಸಬ್ಬಸಗಿ, ಒಂದ್ಹಿಡಿ ತಂಬಾಕು ತರ್ರಿ. ಒಂದು ತಂಬಾಕಿನ ಬಾಜೂಕ ಇಡೂಣು, ಒಂದು ಬ್ಯಾರೆ ಇಡೂಣು. ಯಂತ್ರ ಇಲ್ಲಂದ್ರೂ ಮೂಗಿಗೆ ಏನರೆ ತಿಳೀತೈತೇನ ನೋಡೂಣು.”

“ಬರ್ತೇನ್ರಿ ಮೇಡಂ” ಎಂದೆ.

ಆ ಐತವಾರ ಒಂದು ಮದುವೆ ಇತ್ತು. ಅದರ ಮುಂದಿನ ಐತವಾರ ಏನೂ ಇರಲಿಲ್ಲ, ಬಿಸಿಲು ಬಹಳ ಎಂದು ಹೋಗಲಿಲ್ಲ. ಆಮೇಲೆ ಹೋಗದಿರುವುದೇ ರೂಢಿಯಾಯಿತು. ನಿಜ ಹೇಳುತ್ತೇನೆ, ನನ್ನ ಎದೆಯ ಭಾರ ಇಳಿದಿತ್ತು. ಇಳಿಸಿಕೊಳ್ಳಲೆಂದೇ ಹೋಗಿದ್ದೆ, ಇಳಿಯಿತು, ಇನ್ನು ನನಗೆ ಅಲ್ಲಿ ಕೆಲಸವಿರಲಿಲ್ಲ. ಅವರಿಗೆ ಇತ್ತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ವಾಟ್ಸಾಪಿನಲ್ಲಿ ಸುದ್ದಿ ಬಂದ ಮರುದಿನ ರಾಯಬಾಗಕ್ಕೆ ಹೋದೆ. ಅಂತ್ಯಕ್ರಿಯೆ ಅಥಣಿಯಲ್ಲಿ ಆಗಿಹೋಗಿತ್ತು. ಮನೆಗೆ ಬೀಗ. ಪಕ್ಕದ ಮನೆಯ ಹೆಣ್ಣುಮಗಳು ಕಟ್ಟೆಯ ಮೇಲೆ ಜೋಳ ಹಸನ ಮಾಡುತ್ತಿದ್ದಳು. ನೀರು ಕೊಟ್ಟಳು, ಕೂಡಿಸಿದಳು, ತಾನಾಗಿಯೇ ಹೇಳಿದಳು.

“ಬಾಳ ಚಲೋ ಮಂದಿರಿ. ಯಾರೂ ಬರ್ತಿದ್ದಿಲ್ಲ, ಹೋಗ್ತಿದ್ದಿಲ್ಲ. ಈಗೀಗ ಐತವಾರ ಬಂತಂದ್ರ ಪಡಸಾಲಿ ಸಾರಿಸಿ, ಎರಡು ಚಾಪಿ ಬ್ಯಾರೆ ಬ್ಯಾರೆ ಹಾಸಿ ಕುಂತಿರ್ತಿದ್ರು. ಕಾಲೇಜಿನವರು ಯಾರೋ ಬರಾವ್ರದಾರ, ಸಬ್ಬಸಗಿ ತರ್ತಾರ ಅಂತಿದ್ರು. ಸಂಜಿಮುಂದ ಸುತ್ತಿ ಇಡ್ತಿದ್ರು.”

ನಾನು ಲೋಟ ಕೆಳಗಿಟ್ಟೆ.

“ಅವರು ನೀವ ಏನ್ರಿ?” ಎಂದು ಕೇಳಿದಳು.

“ಅಲ್ರಿ,” ಎಂದೆ. “ನಾ ಬ್ಯಾರೆ.”